ಮಂಗಳಕ್ಕೊಂದು ಕಟ್ಟೆ

ಮಂಗಳಗ್ರಹದಲ್ಲಿ ಮನೆ ಕಟ್ಟುವ ಕೆಲಸ ಮಾಡುತ್ತೇನೆಂದು ನಾನು ಹೇಳಿದರೆ ಜನ ಮೊದಲು ನಗುತ್ತಾರೆ, ಆಮೇಲೆ ಅಲ್ಲಿ ಸೈಟು ಏನು ರೇಟು ಎಂದು ಕೇಳುತ್ತಾರೆ. ಒಮ್ಮೆ ಇಂದಿರಾನಗರದ ಆಫೀಸಿಗೆ ಹೋಗುವಾಗ ಆಟೋದವರು, "ಮೇಡಂ, ಅಲ್ಲಾದ್ರೂ ಕಾವೇರಿ ನೀರು ದಿನಾ ಬಿಡ್ತಾರಾ?" ಎಂದರು. ಬಿಡುವುದಿಲ್ಲ, ಅಲ್ಲಿ ಬೆವರನ್ನೂ ಶುದ್ಧ ಮಾಡಿ ಮತ್ತೆ ಕುಡಿಯಬೇಕು ಎಂದೆ.

ಕಟ್ಟುವುದು ಎಂಬುದು ಸ್ವಲ್ಪ ದೊಡ್ಡ ಮಾತೇ ಆಯಿತು. ನಮ್ಮದು ಬೇಕರಿಯೊಂದರ ಮೇಲಿರುವ ಸಣ್ಣ ವಿನ್ಯಾಸದ ಆಫೀಸು. ಮುಂದೆಂದೋ ಒಂದು ದಿನ ಆರು ಜನ ಗಗನಯಾತ್ರಿಗಳು ಮಂಗಳದಲ್ಲಿ ಇಳಿದು ವರ್ಷಗಟ್ಟಲೆ ಇರಬೇಕಾಗಿ ಬಂದರೆ ಅವರ ವಸತಿ ಹೇಗಿರಬೇಕು ಎಂದು ಒಂದು ಸಂಶೋಧನಾ ಸಂಸ್ಥೆಗಾಗಿ ನಕ್ಷೆ ತೆಗೆಯುತ್ತಿದ್ದೇವೆ. ಟಿಫಿನ್ ಕ್ಯಾರಿಯರನ್ನು ಅಡ್ಡ ಮಲಗಿಸಿದರೆ ಹೇಗಿರುತ್ತದೋ ಹೆಚ್ಚುಕಡಿಮೆ ಹಾಗೆ: ಒಂದೊಂದೇ ಡಬ್ಬಿ ಬೇರೆಬೇರೆಯಾಗಿ ಹೋಗಿ ಇಳಿದು, ಅಲ್ಲಿ ಒಂದಕ್ಕೊಂದು ಸೇರಿಕೊಳ್ಳುತ್ತದೆ. ಗಾಳಿ, ಒತ್ತಡ, ವಿಕಿರಣ ಇವನ್ನೆಲ್ಲ ನೋಡಿಕೊಳ್ಳಲು ನನಗಿಂತ ಬುದ್ಧಿವಂತರಿದ್ದಾರೆ. ಒಳಗೆ ಮನುಷ್ಯರು ಎಲ್ಲಿ ಉಣ್ಣುತ್ತಾರೆ, ಎಲ್ಲಿ ಮಲಗುತ್ತಾರೆ, ಎಲ್ಲಿ ಒಬ್ಬರಿಗೊಬ್ಬರು ಅಡ್ಡ ಬರುತ್ತಾರೆ ಎಂದು ನೋಡುವುದು ನನ್ನ ಪಾಲಿನ ಕೆಲಸ.

ಅಡ್ಡ ಬರುವ ವಿಷಯ ನನಗೆ ಚೆನ್ನಾಗಿ ಗೊತ್ತು. ನಾನು ಬೆಳೆದದ್ದು ಹಲಸೂರಿನ ಪಕ್ಕದ ಜೋಗುಪಾಳ್ಯದ ಒಂದು ವಠಾರದಲ್ಲಿ. ಇಕ್ಕಟ್ಟಾದ ಅಂಗಳ, ಅದರ ಎರಡೂ ಬದಿಗೆ ಒಂದೊಂದು ಕೋಣೆಯ ಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ. ಅಪ್ಪ ಅವ್ವ ಕೊಪ್ಪಳದ ಕಡೆಯ ಹಳ್ಳಿಯಿಂದ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವರು. ಅಪ್ಪ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಮನೆಮನೆಯ ನಡುವಿನ ಗೋಡೆ ಎಷ್ಟು ತೆಳ್ಳಗಿತ್ತೆಂದರೆ ಪಕ್ಕದ ಮನೆಯ ಕುಕ್ಕರ್ ಕೂಗಿದ್ದನ್ನು ಎಣಿಸಿ ಅವ್ವ ನಮ್ಮ ಸ್ಟೌ ಆರಿಸಿದ್ದೂ ಉಂಟು. ಆ ದಿನ ನಾವು ಅರೆಬೆಂದ ಅನ್ನ ಉಂಡೆವು.

ಆ ಕುಕ್ಕರು ಖಾಲಾ ಅವರದ್ದು; ಖಾಲಾ ಎಂದರೆ ಉರ್ದುವಿನಲ್ಲಿ ಚಿಕ್ಕಮ್ಮ, ನಾನು ಹಾಗೇ ಕರೆಯುತ್ತಿದ್ದೆ. ನಮ್ಮ ಅವ್ವನಿಗಿಂತ ಸ್ವಲ್ಪ ದೊಡ್ಡವರು, ಶಿವಾಜಿನಗರದ ಅಂಗಡಿಗಳಿಗೆ ಬ್ಲೌಸು ಹೊಲಿದು ಕೊಡುತ್ತಿದ್ದರು. ಅವರ ಮನೆಯಲ್ಲಿ ದಖ್ಖನಿ ಉರ್ದು ಮಾತು. ಅವರ ಮಿಷಿನ್ನಿನ ಸದ್ದು ನಿಂತರೆ ಮಾತ್ರ ನನಗೆ ಎಚ್ಚರವಾಗುತ್ತಿತ್ತು, ಸದ್ದು ಇದ್ದಷ್ಟು ಹೊತ್ತು ಒಳ್ಳೆಯ ನಿದ್ದೆ. ಇವತ್ತಿಗೂ ಫ್ಯಾನು ಕಟಕಟ ಎನ್ನುತ್ತಿದ್ದರೆ ನಾನು ರಿಪೇರಿ ಮಾಡಿಸುವುದಿಲ್ಲ.

ನಮ್ಮ ಬಾಗಿಲಿಗೂ ಖಾಲಾ ಅವರ ಬಾಗಿಲಿಗೂ ನಡುವೆ, ಗೋಡೆಗೆ ತಾಗಿ, ಒಂದು ಕಲ್ಲುಚಪ್ಪಡಿಯ ಕಟ್ಟೆ ಇತ್ತು. ಮಂಡಿಯೆತ್ತರ. ಅದರ ಹಿಂದಿನ ಗೋಡೆಗೆ ನೀಲಿ ಸುಣ್ಣ. ಇಡೀ ವಠಾರದ ಮಾನ ಮರ್ಯಾದೆ, ಜಗಳ, ರಾಜಿ ಎಲ್ಲ ಆ ಕಟ್ಟೆಯ ಮೇಲೆಯೇ. ಅಂಗಳದ ಕಡೆ ಮುಖ ಮಾಡಿ ಕೂತರೆ ನೀವು ಎಲ್ಲರಿಗೂ ಸೇರಿದವರು. ಯಾರು ಬೇಕಾದರೂ ಮಾತಾಡಿಸಬಹುದು, ಬೆಳ್ಳುಳ್ಳಿ ಬಿಡಿಸಲು ಕೊಡಬಹುದು, ಮಡಿಲಿಗೆ ಮಗು ಹಾಕಿ ನೀರಿಗೆ ಹೋಗಬಹುದು. ಆದರೆ ಗೋಡೆಯ ಕಡೆ ಮುಖ ಮಾಡಿ ಕಾಲು ಮಡಚಿ ಕೂತಿರೋ, ನೀವು ಅಲ್ಲಿ ಇಲ್ಲ. ಯಾರೂ ಕರೆಯುವಂತಿಲ್ಲ, ಯಾಕೆ ಎಂದು ಕೇಳುವಂತಿಲ್ಲ. ಬೇಕಿದ್ದರೆ ಪಕ್ಕದಲ್ಲಿ ಒಂದು ಲೋಟ ಟೀ ಇಟ್ಟು ಸುಮ್ಮನೆ ಹೋಗಬಹುದು. ನೀವಾಗಿ ಈ ಕಡೆ ತಿರುಗುವವರೆಗೆ ವಠಾರ ಕಾಯುತ್ತಿತ್ತು.

ಮೂಲೆಮನೆಯ ತಮಿಳು ಮಾಮ ಕೆಲಸ ಕಳೆದುಕೊಂಡ ವಾರ ಪ್ರತಿದಿನ ಸಂಜೆ ಹಾಗೆ ಕೂತಿದ್ದರು. ಬಾಯಿಬಡುಕಿ ಎಂದು ಹೆಸರಾದ ಅವರ ಹೆಂಡತಿ ಕೂಡ ಆಗ ತುಟಿ ಬಿಚ್ಚಲಿಲ್ಲ. ಹತ್ತನೇ ಕ್ಲಾಸಿನ ಗಣಿತದಲ್ಲಿ ನಾನು ಅಂಚಿನಲ್ಲಿ ಪಾಸಾದ ದಿನ ಆ ನೀಲಿ ಸುಣ್ಣವನ್ನು ನೋಡುತ್ತಾ ಕೂತೆ. ತಿರುಗಿದಾಗ ಮೂರು ಲೋಟ ಟೀ ಆರಿಹೋಗಿದ್ದವು. ಮೂರನ್ನೂ ಕುಡಿದೆ.

ಈ ಕಟ್ಟಳೆಯ ಬಗ್ಗೆ ನನಗಿರುವ ಅತ್ಯಂತ ಹಳೆಯ ನೆನಪು ಅವ್ವನದು. ನಾನಾಗ ತೀರಾ ಸಣ್ಣವಳು. ಊರಿನಲ್ಲಿ ಅಜ್ಜಿ ತೀರಿಹೋದ ಸುದ್ದಿ ಮುಂದಿನ ಅಂಗಡಿಯ ಫೋನಿಗೆ ಬಂತು. ಅಪ್ಪ ಕೆಲಸಕ್ಕೆ ಹೋಗಿದ್ದ. ನಾವು ಹೊರಟು ಮುಟ್ಟುವಷ್ಟರಲ್ಲಿ ಅಲ್ಲಿ ಎಲ್ಲ ಮುಗಿದಿರುತ್ತಿತ್ತು. ಅವ್ವ ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಳು. ಅವಳ ಬೆನ್ನು ಅಲುಗುತ್ತಿತ್ತು. ಹೆದರಿ ಓಡಿದ ನನ್ನ ತೋಳನ್ನು ಖಾಲಾ ಗಬಕ್ಕನೆ ಹಿಡಿದರು. "ನಕ್ಕೋ ಬೇಟೀ, ನಕ್ಕೋ," ಎಂದು ಮೆಲ್ಲಗೆ ಅಂದರು. ಬೇಡ ಎಂದರ್ಥ. ಅವ್ವನ ಪಕ್ಕದಲ್ಲಿ ಟೀ ಇಟ್ಟು, ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಬ್ರೆಡ್ಡು ತಿನ್ನಿಸಿದರು. ಅಂಗಳದ ನಡುವೆ ದಾರಿಗಡ್ಡವಾಗಿ ನೀರಿನ ಕೊಡಗಳು ಕೂತಿದ್ದು ನೆನಪಿದೆ. ಅವು ಅಲ್ಲಿಗೆ ಯಾಕೆ ಬಂದವು ಎಂದು ನಾನು ಯೋಚಿಸಲಿಲ್ಲ.

ಮಂಗಳದ ವಸತಿಯ ನಕ್ಷೆಗೆ ಕೂತಾಗ ನನ್ನ ಕೈ ತಾನಾಗಿಯೇ ಆ ಕಟ್ಟೆಯನ್ನು ಬರೆಯಿತು. ಹೊರಬಾಗಿಲಿನ ಒಳಗಡೆ, ಊಟದ ಜಾಗಕ್ಕೂ ಮಲಗುವ ಕೋಣೆಗಳಿಗೂ ನಡುವೆ, ಮಂಡಿಯೆತ್ತರದ ಒಂದು ಕಟ್ಟೆ, ಅದರ ಹಿಂದೆ ಖಾಲಿ ಗೋಡೆ. ಭೂಮಿ ಆಕಾಶದಲ್ಲೊಂದು ಚುಕ್ಕಿಯಾಗಿ ಕಾಣುವ ಜಾಗದಲ್ಲಿ ಯಾರಿಗಾದರೂ ತಾಯಿ ಸತ್ತ ಸುದ್ದಿ ಬಂದರೆ ಅವರು ಎಲ್ಲಿ ಕೂರಬೇಕು? ಹೊರಗೆ ಹೋಗುವಂತಿಲ್ಲ, ಊರಿಗಂತೂ ಹೋಗುವಂತಿಲ್ಲ. ಆರು ಜನರ ಆ ವಠಾರದಲ್ಲಿ ಈ ಕಟ್ಟೆಯೊಂದು ಇರಲೇಬೇಕೆಂದು ನನಗೆ ಹಟ ಹತ್ತಿತು.

ನಮ್ಮ ಆಫೀಸಿನ ಮುಖ್ಯಸ್ಥರು ಬಹಳ ತಾಳ್ಮೆಯ ಮನುಷ್ಯ. ತೂಕದ ವಿಷಯ ಬಂದಾಗ ಮಾತ್ರ ಅದು ಇರುವುದಿಲ್ಲ.

"ಇದೇನ್ರೀ, ಬೆಂಚಾ?" ಎಂದರು ನಕ್ಷೆ ನೋಡಿ.

"ಕಟ್ಟೆ ಸರ್."

"ಏನಕ್ಕೆ?"

"ಕೂರೋಕೆ."

"ಕೂರೋಕೆ ಡೈನಿಂಗ್ ಟೇಬಲ್ ಇದೆಯಲ್ಲ?"

"ಅಲ್ಲಿ ಕೂತ್ರೆ ಊಟಕ್ಕೆ ಕೂತಂಗೆ. ಇಲ್ಲಿ ಸುಮ್ನೆ ಕೂತಂಗೆ."

"ಸುಮ್ನೆ ಕೂರೋದನ್ನ ರಾಕೆಟ್‌ನಲ್ಲಿ ಕಳಿಸೋಕಾಗುತ್ತಾ? ಒಬ್ರೇ ಇರ್ಬೇಕು ಅಂದ್ರೆ ಕ್ಯಾಬಿನ್ ಕೊಟ್ಟಿದೀವಿ, ಡೋರ್ ಕ್ಲೋಸ್ ಮಾಡ್ಕೋತಾರೆ."

"ಡೋರ್ ಹಾಕ್ಕೊಂಡ್ರೆ ಹೊರಗಿರೋ ಐದು ಜನ ಏನಾಯ್ತೋ ಅಂತ ಗಾಬರಿ ಆಗ್ತಾರೆ ಸರ್. ಕಣ್ಣಿಗೆ ಕಾಣ್ತಾ ಇರ್ಬೇಕು, ಆದ್ರೆ ಯಾರೂ ಮಾತಾಡಿಸ್ಬಾರ್ದು. ಅಂಥ ಒಂದು ಜಾಗ ಬೇಕು."

ಅವರು ಕನ್ನಡಕ ತೆಗೆದು ಒರೆಸಿದರು. ವಠಾರದ ಕಟ್ಟಳೆಯನ್ನು ಪೂರ್ತಿ ಹೇಳಿದೆ. ನಗದೆ ಕೇಳಿಸಿಕೊಂಡರು, ಅದಕ್ಕೆ ಇವತ್ತಿಗೂ ನನಗೆ ಅವರ ಮೇಲೆ ಗೌರವ. ಕೊನೆಗೆ ಒಂದು ಷರತ್ತು ಹಾಕಿದರು. ಕೆ.ಆರ್. ಪುರಂನ ಶೆಡ್ಡಿನಲ್ಲಿ ಪ್ಲೈವುಡ್ಡಿನಿಂದ ಇಡೀ ವಸತಿಯ ಮಾದರಿಯನ್ನು ನಿಜವಾದ ಅಳತೆಯಲ್ಲಿ ಕಟ್ಟುತ್ತಿದ್ದೆವು. ನಮ್ಮ ಆಫೀಸಿನ ಆರು ಜನ ಒಂದು ವಾರ ಅದರೊಳಗೇ ಇದ್ದು ನೋಡಬೇಕಿತ್ತು. "ಆ ವಾರದಲ್ಲಿ ಯಾರಾದ್ರೂ ಒಬ್ರು ನೀವು ಹೇಳ್ದಂಗೆ ಅಲ್ಲಿ ಕೂತ್ರೆ ಕಟ್ಟೆ ಇರ್ಲಿ. ಕೂರ್ಲಿಲ್ಲ ಅಂದ್ರೆ ತೆಗೀತೀನಿ. ಮೊದಲೇ ಯಾರಿಗೂ ಹೇಳಿಕೊಡ್ಬಾರ್ದು," ಎಂದರು. ಒಪ್ಪಿಕೊಂಡೆ. ಕೂರಲು ಯಾರಿಗಾದರೂ ಹೇಳಿಕೊಡಬೇಕೇ ಎಂದು ನನಗೆ ಆಗ ಬಲು ಧೈರ್ಯ.

ಪರೀಕ್ಷೆ ಶುರುವಾದ ದಿನ ಸಂಶೋಧನಾ ಸಂಸ್ಥೆಯಿಂದ ಹಿರಿಯ ವಿಜ್ಞಾನಿಯೊಬ್ಬರು ನೋಡಲು ಬಂದರು. ಹತ್ತಿಸೀರೆಯ, ಕಡಿಮೆ ಮಾತಿನ ಹೆಂಗಸು. ಆರು ಜನ ಆಗಲೇ ಒಳಗೆ ಸೇರಿ ಬಾಗಿಲು ಹಾಕಿಕೊಂಡಿದ್ದರು. ಎರಡು ಬಾಗಿಲುಗಳ ಆ ಏರ್‌ಲಾಕಿಗಾಗಿ ನಾವು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆವು. ಗಾಳಿ ಸೋರಬಾರದು, ಧೂಳು ನುಗ್ಗಬಾರದು. ಆ ವಿಜ್ಞಾನಿ ಬಾಗಿಲನ್ನು ನೋಡಲೇ ಇಲ್ಲ, ನೆಲ ನೋಡುತ್ತಾ ನಿಂತರು.

"ಇವೆಲ್ಲ ಯಾರದು?"

ಬಾಗಿಲ ಹೊರಗೆ ಚಪ್ಪಲಿಗಳು ಸಾಲಾಗಿ ಕೂತಿದ್ದವು. ಸ್ಯಾಂಡಲ್ಲು, ಶೂಗಳು, ಒಂದು ಜೊತೆ ಹವಾಯಿ.

"ಒಳಗಿರೋರದ್ದು ಮೇಡಂ," ಎಂದರು ನಮ್ಮ ಮುಖ್ಯಸ್ಥರು.

"ಅಂದ್ರೆ ಮಂಗಳದ ಮೇಲೆ ಬಿಟ್ಟು ಹೋಗಿದ್ದಾರೆ."

ಏನೇನೋ ಅಳೆದಿದ್ದೆವು, ಲೆಕ್ಕ ಹಾಕಿದ್ದೆವು. ಆದರೆ ಮನೆ ಎಂದರೆ ಚಪ್ಪಲಿ ಹೊರಗೆ, ಅದನ್ನು ಒಳಗಿಡಲು ಜಾಗ ಬೇಕೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮೊದಲು ಆ ವಿಜ್ಞಾನಿಗೇ ನಗು ಬಂತು, ಆಮೇಲೆ ಶೆಡ್ಡಿಗೆ ಶೆಡ್ಡೇ ನಕ್ಕಿತು. ನಾನು ಜೋರಾಗಿ ನಗಲು ಹೋಗಿ ನಿಲ್ಲಿಸಿದೆ. ಬೆಳಿಗ್ಗೆ ಕೊನೆಯ ಸ್ಟಿಕರ್ ಅಂಟಿಸಲು ಒಳಗೆ ಹೋಗಿಬಂದ ನಾನು ಬರಿಗಾಲಲ್ಲಿ ನಿಂತಿದ್ದೆ, ಆ ಸಾಲಿನ ಹವಾಯಿ ನನ್ನದೇ.

ಉಳಿದ ಚಪ್ಪಲಿಗಳು ಒಳಗೆ ಹೋದವು. ಇಡಲು ಒಳಗೆ ಜಾಗ ಎಲ್ಲಿತ್ತು? ನನ್ನ ಕಟ್ಟೆಯ ಕೆಳಗೆ. ಮರುದಿನ ಕೆಳಗೆ ಹಿಡಿಸದೆ ಎರಡು ಜೊತೆ ಮೇಲೆ ಬಂದವು. ಆಮೇಲೆ ಅದರ ಪಕ್ಕದಲ್ಲಿ ಬ್ಯಾಗು, ಬ್ಯಾಗಿನ ಮೇಲೆ ಒದ್ದೆ ಟವೆಲ್, ನೀರಿನ ಕ್ಯಾನು, ಯಾರೋ ತಂದ ಕೇರಂ ಬೋರ್ಡು. ಹೊರಗೆ ಕ್ಯಾಮೆರಾದ ಪರದೆಯ ಮುಂದೆ ಕೂತು ನಾನು ತುಟಿ ಕಚ್ಚಿಕೊಂಡು ನೋಡುತ್ತಿದ್ದೆ. ವಾರದ ನಡುವಿನ ಹೊತ್ತಿಗೆ ಕಟ್ಟೆ ಎಂಬುದೊಂದು ಇದೆ ಎಂದೇ ಗೊತ್ತಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಮ್ಮ ಸಹೋದ್ಯೋಗಿಯೊಬ್ಬಳು, ಯಾವಾಗಲೂ ನಗುತ್ತಾ ಓಡಾಡುವ ಹುಡುಗಿ, ಊಟದ ಟೇಬಲ್ಲಿನಿಂದ ಎದ್ದು ಬಂದು ಕಟ್ಟೆಯ ಮುಂದೆ ನಿಂತಳು. ಒಳಗೆ ಏನೋ ಮಾತು ಬಂದಿತ್ತು, ಮುಖ ಕೆಂಪಾಗಿತ್ತು. ಕೂತ್ಕೋ, ಕೂತ್ಕೋ ಎಂದು ನಾನು ಪರದೆಗೆ ಹೇಳುತ್ತಿದ್ದೆ. ಅವಳು ಆ ಸಾಮಾನಿನ ರಾಶಿಯನ್ನು ನೋಡಿದಳು, ಸ್ವಲ್ಪ ಹೊತ್ತು ನಿಂತಳು, ತನ್ನ ಕ್ಯಾಬಿನ್ನಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಐದು ನಿಮಿಷ ಆಗಿರಲಿಲ್ಲ, ಉಳಿದವರೆಲ್ಲ ಬಾಗಿಲು ತಟ್ಟಲು ಶುರು ಮಾಡಿದರು. "ಏನಾಯ್ತು? ಏನಾಯ್ತು ಹೇಳೇ!"

ವಾರ ಮುಗಿದ ಮೇಲೆ ಮುಖ್ಯಸ್ಥರು ನನ್ನನ್ನು ಕರೆದರು. "ನಿಮ್ ಪಾಯಿಂಟ್ ನಂಗೆ ಅರ್ಥ ಆಯ್ತು. ಆದ್ರೆ ಅದು ಕಟ್ಟೆ ಆಗ್ಲಿಲ್ಲ ನೋಡಿ, ಚಪ್ಪಲಿ ಸ್ಟ್ಯಾಂಡ್ ಆಯ್ತು," ಎಂದರು. ಕಟ್ಟೆಯನ್ನು ನಕ್ಷೆಯಿಂದ ನಾನೇ ಅಳಿಸಬೇಕಾಯಿತು. ಅದಕ್ಕೊಂದು ಬಟನ್ ಒತ್ತಿದರೆ ಸಾಕು, ಆದರೆ ನನಗೆ ಯಾರೋ ಎರಡನೇ ಸಲ ಆ ವಠಾರ ಕೆಡವಿದಂತಾಯಿತು.

ಮೊದಲ ಸಲ ಅದನ್ನು ನಿಜವಾಗಿಯೇ ಕೆಡವಿದ್ದರು. ಈಗ ಅಲ್ಲಿ ಕೆಳಗೆ ಕಾರು, ಮೇಲೆ ಬಾಲ್ಕನಿ ಇರುವ ಕಟ್ಟಡ ನಿಂತಿದೆ. ಅಪ್ಪ ಆ ಕಾಲಕ್ಕೆ ಇರಲಿಲ್ಲ. ಅವ್ವ ನನ್ನ ಜೊತೆ ಕಲ್ಯಾಣ ನಗರದ ಫ್ಲ್ಯಾಟಿಗೆ ಬಂದಳು. ಅವಳಿಗೆಂದು ಒಂದು ಕೋಣೆ ಕೊಟ್ಟೆ, ಒಳ್ಳೆಯ ಬಾಗಿಲಿದೆ. ಒಂದು ದಿನವೂ ಅವಳು ಅದನ್ನು ಮುಚ್ಚಿಲ್ಲ.

ಕಟ್ಟೆ ಅಳಿಸಿದ ಸಂಜೆ ಮನೆಗೆ ಬಂದವಳು ಒಳಗೆ ಹೋಗಲಿಲ್ಲ. ಬಾಗಿಲ ಪಕ್ಕದ ಮರದ ಶೂ ಬಾಕ್ಸಿನ ಮೇಲೆ ಗೋಡೆಗೆ ಮುಖ ಮಾಡಿ ಕೂತುಬಿಟ್ಟೆ. ಅವ್ವ ನೋಡಿದಳು. ಟಿವಿಯ ಸದ್ದು ಪೂರ್ತಿ ಅಡಗಿಸಿದಳು. ಅವಳು ನೋಡುವ ಧಾರಾವಾಹಿಯ ಹೊತ್ತದು, ಅದು ಸಣ್ಣ ತ್ಯಾಗವಲ್ಲ. ಬಹಳ ಹೊತ್ತಿನ ಮೇಲೆ ನಾನು ತಿರುಗಿದೆ.

"ಕಟ್ಟಿ ತಗದ್ರೇನು?" ಎಂದಳು. ಮುಖ್ಯಸ್ಥರ ಷರತ್ತನ್ನು ಅವಳಿಗೆ ಮೊದಲೇ ಹೇಳಿದ್ದೆ.

"ಹೂಂ. ಯಾರೂ ಕೂರ್ಲೇ ಇಲ್ಲವ್ವ. ಬರೀ ಸಾಮಾನು ಇಟ್ರು."

ಅವ್ವ ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

"ಮತ್ತೇನ್ ಮಾಡ್ತಾರ? ನಾವೂ ಸಾಮಾನ ಇಡಾಕ ಹಾಕಿದ್ವಿ ಅದನ್ನ."

"ಏನು?"

"ಮಾಲಕ ಕಟ್ಟಿಸಿದ್ದು ಅಂತ ತಿಳದಿಯೇನು? ನೀರಿನ ಕೊಡ ಇಡಾಕ ಜಾಗ ಇದ್ದಿದ್ದಿಲ್ಲ. ನಿಮ್ಮಪ್ಪ ಕೆಲಸದ ಕಡೆಯಿಂದ ಮುರದ ಚಪ್ಪಡಿ ತಂದು ಹಾಕಿದ. ಅತ್ಲಾಗ ಖಾಲಾನ ಕೊಡ, ಇತ್ಲಾಗ ನಂದು. ಭಾಳ ದಿನ ಅದರ ಮ್ಯಾಲೆ ಯಾರೂ ಕುಂತಿದ್ದಿಲ್ಲ."

"ಮತ್ತೆ ಮೊದಲು ಕೂತೋರು ಯಾರು?"

"ನಾನ. ನಮ್ಮವ್ವ ಹೋದ ದಿನ." ಅವಳು ಟಿವಿಯ ಕಡೆ ನೋಡುತ್ತಲೇ ಹೇಳಿದಳು. "ಒಳಗ ಕುಂತ್ರ ನೀ ಹೆದರತಿದ್ದಿ. ಹೊರಗ ಹೋಗಾಕ ಈ ಊರಾಗ ಯಾರು ಗೊತ್ತಿದ್ರು? ನನ್ನ ಕೊಡ ಕೆಳಗ ಇಟ್ಟೆ. ಜಾಗ ಸಾಲಲಿಲ್ಲ. ಖಾಲಾ ಬಂದು ತನ್ನ ಕೊಡಾನೂ ತಗದು ಅಂಗಳದಾಗ ಇಟ್ಟಳು."

ಆ ಕಟ್ಟಳೆ ನಾವು ಬರುವ ಮೊದಲೇ, ವಠಾರದ ಗೋಡೆಗಳ ಜೊತೆಗೇ ಹುಟ್ಟಿದ್ದು ಎಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಅದು ಹುಟ್ಟಿದ್ದು ಆ ದಿನ, ನನ್ನ ಕಣ್ಣೆದುರಿಗೆ. ಅದನ್ನು ಮುರಿಯಲು ಓಡಿದ ಮೊದಲನೆಯವಳೂ ನಾನೇ.

ಮತ್ತೆ ಆಫೀಸಿಗೆ ಹೋದಾಗ ನಾನು ಕಟ್ಟೆಯ ಮಾತೆತ್ತಲಿಲ್ಲ. ಏರ್‌ಲಾಕಿನೊಳಗೆ ಮೊದಲು ಚಪ್ಪಲಿ ಬೂಟುಗಳಿಗೊಂದು ಗೂಡು ಬರೆದೆ, ಯಾರೂ ಬೇಡ ಎನ್ನಲಿಲ್ಲ. ಆಮೇಲೆ ಆಹಾರವನ್ನು, ಫಿಲ್ಟರುಗಳನ್ನು ತುಂಬಿ ಕಳಿಸುವ ಪೆಟ್ಟಿಗೆಗಳ ನಕ್ಷೆಯನ್ನು ಕೈಗೆತ್ತಿಕೊಂಡೆ. ಅವು ಹೇಗೂ ಹೋಗಲೇಬೇಕು, ಒಂದರ ಮೇಲೊಂದು ಹೇರುವುದರಿಂದ ಮುಚ್ಚಳವೂ ಗಟ್ಟಿಯೇ. ಅವುಗಳ ಉದ್ದ ಅಗಲ ಸ್ವಲ್ಪ ಹಿಂದೆಮುಂದೆ ಮಾಡಿ ಎತ್ತರವನ್ನು ಮಂಡಿಯಷ್ಟಕ್ಕೆ ತಂದೆ, ಅಂಚನ್ನು ದುಂಡಗೆ ಮಾಡಿದೆ. ಖಾಲಿಯಾದ ಮೇಲೆ ಎರಡನ್ನು ಪಕ್ಕಪಕ್ಕ ಇಟ್ಟರೆ ಒಬ್ಬರು ಕಾಲು ಮಡಚಿ ಕೂರಬಹುದು. ಕಟ್ಟೆಯಿದ್ದ ಜಾಗದ ಗೋಡೆಗೆ ಏನನ್ನೂ ಹಾಕಲಿಲ್ಲ.

"ಇಲ್ಲೇನು, ಖಾಲಿ ಬಿಟ್ಟಿದೀರ?" ಎಂದರು ಮುಖ್ಯಸ್ಥರು.

"ಖಾಲಿ ಇರ್ಲಿ ಸರ್."

ಅವರು ನನ್ನನ್ನು ನೋಡಿದರು, ಪೆಟ್ಟಿಗೆಯ ಎತ್ತರ ನೋಡಿದರು, ಮತ್ತೆ ನನ್ನನ್ನು ನೋಡಿದರು. "ತೂಕ ಜಾಸ್ತಿ ಆಗಿಲ್ಲ ತಾನೆ?"

"ಒಂದು ಗ್ರಾಮೂ ಇಲ್ಲ."

"ಹಾಗಾದ್ರೆ ನಾನೇನೂ ನೋಡಿಲ್ಲ," ಎಂದು ಸಹಿ ಹಾಕಿದರು.

ಗೆದ್ದೆ ಎಂದು ಕುಣಿಯಬೇಕಿತ್ತು. ಆದರೆ ಹೊಸದೊಂದು ಹುಳ ತಲೆಗೆ ಹೊಕ್ಕಿತು. ಯಾರೋ ಒಬ್ಬರು ಎಂದಾದರೂ ಆ ಪೆಟ್ಟಿಗೆಗಳ ಮೇಲಿನ ಸಾಮಾನು ತೆಗೆದು ಗೋಡೆಗೆ ಮುಖ ಮಾಡಿ ಕೂರುತ್ತಾರೆ, ಸರಿ. ಅವರನ್ನು ಮಾತಾಡಿಸಬಾರದೆಂದು ಉಳಿದ ಐವರಿಗೆ ಹೇಳುವವರು ಯಾರು? ಆರು ಜನ ಆರು ದೇಶದವರಿರಬಹುದು, ಆರು ಭಾಷೆ. ಕಟ್ಟೆಯನ್ನು ಹೇಗೋ ಪೆಟ್ಟಿಗೆಯೊಳಗೆ ಬಚ್ಚಿಟ್ಟು ಕಳಿಸಬಹುದು, ಖಾಲಾ ಅವರನ್ನು ಎಲ್ಲಿಂದ ಕಳಿಸಲಿ?

ಒಂದು ಭಾನುವಾರ ಅವ್ವನನ್ನು ಕರೆದುಕೊಂಡು ಖಾಲಾ ಅವರನ್ನು ನೋಡಲು ಹೋದೆ. ಈಗ ಅವರು ಶಿವಾಜಿನಗರದಲ್ಲಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಕಿರಿದಾದ ಮೆಟ್ಟಿಲು, ಮೇಲೆ ಒಂದು ದಿವಾನ, ಮೂಲೆಯಲ್ಲಿ ಅದೇ ಹಳೆಯ ಮಿಷಿನ್ನು. ಅವ್ವನೂ ಅವರೂ ಕೈ ಹಿಡಿದುಕೊಂಡು, ಅರ್ಧ ಕೊಪ್ಪಳ ಅರ್ಧ ದಖ್ಖನಿಯ ತಮ್ಮದೇ ಒಂದು ಭಾಷೆಯಲ್ಲಿ ಹರಟತೊಡಗಿದರು. ನಡುವೆ ಬಾಯಿ ಹಾಕಿ ನಾನು ಕೇಳಿದೆ. ಅವತ್ತು ನನ್ನನ್ನು ಯಾಕೆ ತಡೆದಿರಿ? ಅಳುವವರನ್ನು ಮಾತಾಡಿಸಬಾರದು ಅಂತ ಆ ರೂಲ್ ನಿಮಗೆ ಹೇಳಿಕೊಟ್ಟವರು ಯಾರು?

"ರೂಲಾ? ಎಂಥಾ ರೂಲು ಬೇಟೀ?" ಖಾಲಾ ಕಣ್ಣು ಕಿರಿದು ಮಾಡಿ ನಕ್ಕರು. "ನಿಮ್ಮಮ್ಮಂದು ಮಾತು ಆವಾಗ ನಂಗೆ ಒಂದೂ ತಿಳೀತಿರ್ಲಿಲ್ಲ. ನಮ್ದು ಅವ್ರಿಗೆ ತಿಳೀತಿರ್ಲಿಲ್ಲ. ಅವ್ರು ಅಳ್ತಾ ಅವ್ರೆ, ನಾನು ಏನಂತ ಹೇಳ್ಲಿ? ತಪ್ಪು ಹೇಳ್ಬಿಟ್ರೆ? ಅದ್ಕೇ ಚಾಯ್ ಇಟ್ಬಿಟ್ಟು ಸುಮ್ನಾದೆ. ನೀನು ಓಡ್ಬಂದೆ, ನಿನ್ನೂ ಹಿಡ್ಕೊಂಡೆ. ಅಷ್ಟೇ."

ಅವ್ವ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು.

"ಅವತ್ತು ಯಾರರ ಬಂದು, ಅಳಬ್ಯಾಡ, ಸಮಾಧಾನ ಮಾಡ್ಕೊ ಅಂದಿದ್ರ," ಎಂದಳು, "ನಿನ್ನ ಎತ್ಕೊಂಡು ಊರಿಗೆ ಹೋಗಿಬಿಡ್ತಿದ್ದೆ. ಹೊಳ್ಳಿ ಬರ್ತಿದ್ದಿಲ್ಲ. ಈ ಊರಾಗ ಇರೂದು ಬ್ಯಾಡಂತ ಮಾಡಿದ್ದೆ. ಈಕಿ ಚಾ ಇಟ್ಟು ಹ್ವಾದ್ಲು. ಕುಡದೆ. ಆಮ್ಯಾಲೆ ಎದ್ದು ಅನ್ನಕ್ಕ ಇಟ್ಟೆ."

ನಾನು ಓದಿದ ಶಾಲೆ, ಆಫೀಸು, ಆ ಮಂಗಳದ ಮನೆ, ಎಲ್ಲವೂ ಆ ಒಂದು ಲೋಟದ ಮೇಲೆ ನಿಂತಿತ್ತು ಎಂದು ನನಗೆ ಗೊತ್ತೇ ಇರಲಿಲ್ಲ. ಇಬ್ಬರ ಮುಂದೆ ಅಳಲು ನಾಚಿಕೆಯಾಯಿತು. ದಿವಾನದ ಮೇಲೆ ಕಾಲು ಮಡಚಿ ಗೋಡೆಯ ಕಡೆ ತಿರುಗಿ ಕೂತೆ.

ಹಿಂದೆ ಹರಟೆ ನಿಂತಿತು. ಕೆಳಗಿನ ಗಲ್ಲಿಯಲ್ಲಿ ಯಾರೋ ಗಾಡಿ ಸ್ಟಾರ್ಟ್ ಮಾಡುತ್ತಿದ್ದರು. ಒಳಗೆ ಸ್ಟೌ ಹಚ್ಚಿದ ಸದ್ದು, ಆಮೇಲೆ ಏಲಕ್ಕಿ ಕುದಿಯುವ ವಾಸನೆ. ಸ್ವಲ್ಪ ಹೊತ್ತಿಗೆ ನನ್ನ ಪಕ್ಕದಲ್ಲಿ ಮೆಲ್ಲಗೆ ಒಂದು ಲೋಟ ಬಂದು ಕೂತಿತು. ಇಟ್ಟವರು ಅವ್ವನೋ ಖಾಲಾನೋ ನಾನು ತಿರುಗಿ ನೋಡಲಿಲ್ಲ.